ಅಪ್ಟನ್ ಸಿಂಕ್ಲೇರ್

ಲೇಖನಿಯ ಬಲದಿಂದ ಒಂದು ದೇಶದ ಶಾಸನವನ್ನೇ ಬದಲಿಸಿದ ಬರಹಗಾರರು ವಿರಳ. ಅಮೆರಿಕದ ಕಾದಂಬರಿಕಾರನಾದ ಅಪ್ಟನ್ ಸಿಂಕ್ಲೇರ್ ಅಂಥವರಲ್ಲಿ ಒಬ್ಬನು. ಆದರೆ ಮತದಾರರ ಮನಸ್ಸಿನಲ್ಲಿ ಬೇರೂರಿದ್ದ ಒಂದು ಹೆಸರಿನ ಭಯವನ್ನು ಅಳಿಸಲು ಆ ಲೇಖನಿಗೂ ಸಾಧ್ಯವಾಗಲಿಲ್ಲ. ಚುನಾವಣೆಗಳಲ್ಲಿ ಜನರು ಅಭ್ಯರ್ಥಿಯ ವಿಚಾರಗಳನ್ನು ತೂಗಿ ನೋಡುತ್ತಾರೆಯೋ ಅಥವಾ ಅವನ ಹಣೆಗೆ ಅಂಟಿಸಿದ ಪಟ್ಟಿಯನ್ನು ಮಾತ್ರ ಓದುತ್ತಾರೆಯೋ ಎಂಬ ಪ್ರಶ್ನೆಗೆ ಅವನ ಬಾಳು ಒಂದು ನಿದರ್ಶನವಾಗಿದೆ.

ಸಿಂಕ್ಲೇರನು 1878ರ ಸೆಪ್ಟೆಂಬರ್ 20ರಂದು ಬಾಲ್ಟಿಮೋರ್ ನಗರದಲ್ಲಿ ಜನಿಸಿದನು. ತಂದೆ ಮದ್ಯದ ವ್ಯಾಪಾರಿ. ಕಾಲಕ್ರಮದಲ್ಲಿ ತಾನೇ ಮದ್ಯಕ್ಕೆ ದಾಸನಾದನು. ತಾಯಿಯ ಬಂಧುಗಳಾದರೋ ಸಿರಿವಂತರು. ಹೀಗಾಗಿ ಬಾಲಕನು ಕೆಲವು ದಿನಗಳನ್ನು ತಿಗಣೆ ತುಂಬಿದ ಬಾಡಿಗೆಯ ಕೋಣೆಯಲ್ಲಿಯೂ ಮತ್ತೆ ಕೆಲವು ದಿನಗಳನ್ನು ಬಂಧುಗಳ ಭವ್ಯ ಗೃಹದಲ್ಲಿಯೂ ಕಳೆದನು. ಈ ಅಂತರಕ್ಕೆ ಕಾರಣವೇನೆಂಬ ಚಿಂತೆ ಎಳೆಯ ವಯಸ್ಸಿನಲ್ಲಿಯೇ ಅವನನ್ನು ಕಾಡತೊಡಗಿತು. ಹದಿನಾಲ್ಕನೆಯ ವಯಸ್ಸಿಗೆ ನ್ಯೂಯಾರ್ಕಿನ ಸಿಟಿ ಕಾಲೇಜನ್ನು ಸೇರಿದ ಅವನು, ಪತ್ರಿಕೆಗಳಿಗೆ ನಗೆಬರಹಗಳನ್ನೂ ಸಾಹಸಕಥೆಗಳನ್ನೂ ಬರೆದು ತನ್ನ ವಿದ್ಯಾಭ್ಯಾಸದ ವೆಚ್ಚವನ್ನು ತಾನೇ ಸಂಪಾದಿಸಿಕೊಂಡನು. ಮುಂದೆ, ಸಂಪತ್ತನ್ನು ಉತ್ಪಾದಿಸುವ ಸಾಧನಗಳು ಕೆಲವರ ಕೈಯಲ್ಲಿರದೆ ಸಮಾಜದ ಒಡೆತನದಲ್ಲಿರಬೇಕೆಂಬ ಸಮಾಜವಾದವನ್ನು ಒಪ್ಪಿಕೊಂಡನು.

1904ರಲ್ಲಿ ಸಿಂಕ್ಲೇರನು ಷಿಕಾಗೋ ನಗರದ ಮಾಂಸದ ಕಾರ್ಖಾನೆಗಳಿಗೆ ಹೋಗಿ, ಏಳು ವಾರಗಳ ಕಾಲ ಕಾರ್ಮಿಕರೊಡನೆ ಬೆರೆತು ಅವರ ಬವಣೆಯನ್ನು ಕಣ್ಣಾರೆ ಕಂಡನು. ಆ ಅನುಭವದಿಂದ ಮೂಡಿದ 'ದಿ ಜಂಗಲ್' ಕಾದಂಬರಿಯು 1906ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಕೊಳೆತ ಮಾಂಸವೂ ಡಬ್ಬಿಗಳನ್ನು ಸೇರುತ್ತಿದ್ದ ಬಗೆಯನ್ನು ಓದಿ ಜನರು ಬೆಚ್ಚಿಬಿದ್ದರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ತನಿಖೆ ನಡೆಸಿದನು. ಅದೇ ವರ್ಷ ಜೂನ್ 30ರಂದು ಮಾಂಸದ ತಪಾಸಣೆಗೆ ಹಾಗೂ ಆಹಾರ ಮತ್ತು ಔಷಧಗಳ ಶುದ್ಧತೆಗೆ ಸಂಬಂಧಿಸಿದ ಎರಡು ಶಾಸನಗಳಿಗೆ ಅವನ ಸಹಿ ಬಿದ್ದಿತು. ಆದರೂ ಸಿಂಕ್ಲೇರನಿಗೆ ಪೂರ್ಣ ತೃಪ್ತಿಯಾಗಲಿಲ್ಲ. ಓದುಗರು ತಮ್ಮ ಊಟದ ವಿಷಯದಲ್ಲಿ ಆತಂಕಪಟ್ಟರೇ ಹೊರತು ಕಾರ್ಮಿಕರ ಗೋಳಿಗೆ ಅಷ್ಟಾಗಿ ಮರುಗಲಿಲ್ಲವೆಂಬ ಕೊರಗು ಅವನಲ್ಲಿ ಉಳಿಯಿತು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮೇಲೆ ಸಿಂಕ್ಲೇರನು ಆ ರಾಜ್ಯದ ಗವರ್ನರ್ ಪದವಿಗೆ ಸಮಾಜವಾದಿ ಪಕ್ಷದಿಂದ ಎರಡು ಬಾರಿ ಸ್ಪರ್ಧಿಸಿದನು. 1926ರಲ್ಲಿ ಅವನಿಗೆ ದೊರೆತ ಮತಗಳು ಸುಮಾರು 46 ಸಾವಿರ. 1930ರಲ್ಲಿ ಸುಮಾರು 50 ಸಾವಿರ. ಅವನ ಪುಸ್ತಕಗಳನ್ನು ಮೆಚ್ಚಿ ಓದಿದವರೂ ಮತಪೆಟ್ಟಿಗೆಯ ಬಳಿಗೆ ಬಂದಾಗ ಹಿಂಜರಿಯುತ್ತಿದ್ದರು. 1917ರ ರಷ್ಯದ ಕ್ರಾಂತಿಯ ಅನಂತರ ಸಮಾಜವಾದಿ ಎಂಬ ಹೆಸರು ಬಹುಮಂದಿ ಅಮೆರಿಕನ್ನರಿಗೆ ದೇಶದ್ರೋಹಕ್ಕೆ ಸಮಾನವಾಗಿ ಕೇಳಿಸುತ್ತಿತ್ತು.

1929ರಲ್ಲಿ ಆರಂಭವಾದ ಆರ್ಥಿಕ ಕುಸಿತದಿಂದ ಲಕ್ಷಾಂತರ ಜನರು ಕೆಲಸ ಕಳೆದುಕೊಂಡರು. ಒಂದು ಕಡೆ ಕಾರ್ಖಾನೆಗಳು ಬಾಗಿಲು ಮುಚ್ಚಿದ್ದವು. ಇನ್ನೊಂದು ಕಡೆ ಜನರು ಹಸಿದಿದ್ದರು. ಆಗ ಸಿಂಕ್ಲೇರನು ಒಂದು ಹೊಸ ಪ್ರಯೋಗಕ್ಕೆ ಕೈಹಾಕಿದನು. 1933ರಲ್ಲಿ ಹಳೆಯ ಪಕ್ಷವನ್ನು ತೊರೆದು ಡೆಮಾಕ್ರಟಿಕ್ ಪಕ್ಷದ ಸದಸ್ಯನಾದನು. ಪಾಳುಬಿದ್ದ ಜಮೀನು ಮತ್ತು ಕಾರ್ಖಾನೆಗಳನ್ನು ಸರ್ಕಾರ ವಹಿಸಿಕೊಂಡು ನಿರುದ್ಯೋಗಿಗಳಿಗೆ ದುಡಿಮೆ ಒದಗಿಸಬೇಕು, ಅಗತ್ಯವುಳ್ಳ ವೃದ್ಧರಿಗೆ ತಿಂಗಳಿಗೆ 50 ಡಾಲರ್ ವೇತನ ಕೊಡಬೇಕು ಎಂಬ ಯೋಜನೆಯನ್ನು ಜನರ ಮುಂದಿಟ್ಟನು. ಕ್ಯಾಲಿಫೋರ್ನಿಯಾದಿಂದ ಬಡತನವನ್ನು ತೊಲಗಿಸುವುದೇ ಆ ಯೋಜನೆಯ ಹೆಸರಾಯಿತು. ತಿರುಳು ಬಹುಮಟ್ಟಿಗೆ ಹಳೆಯದೇ. ಹಣೆಪಟ್ಟಿ ಮಾತ್ರ ಬೇರೆ. 1934ರ ಆಗಸ್ಟಿನಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸಲು ನಡೆದ ಮೊದಲ ಸುತ್ತಿನಲ್ಲಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಮತಗಳು ಅವನಿಗೆ ದೊರೆತವು.

ಇದರಿಂದ ಎದುರಾಳಿಗಳು ಎಚ್ಚತ್ತರು. ಅವನು ಕಳಚಿಟ್ಟ ಹಣೆಪಟ್ಟಿಯನ್ನು ಮತ್ತೆ ಅವನ ಹಣೆಗೆ ಅಂಟಿಸುವುದೇ ಅವರ ತಂತ್ರವಾಯಿತು. ಅವನ ಕಾದಂಬರಿಗಳ ಪಾತ್ರಗಳು ಆಡಿದ ಮಾತುಗಳನ್ನು ಆರಿಸಿ, ಅವು ಅವನ ಸ್ವಂತ ಅಭಿಪ್ರಾಯಗಳೋ ಎಂಬಂತೆ ಪತ್ರಿಕೆಗಳಲ್ಲಿ ದಿನವೂ ಅಚ್ಚುಹಾಕಿಸಿದರು. ಹಾಲಿವುಡ್ಡಿನ ಚಿತ್ರೋದ್ಯಮಿಗಳು ಸುದ್ದಿಚಿತ್ರಗಳ ವೇಷದಲ್ಲಿ ಪ್ರಚಾರಚಿತ್ರಗಳನ್ನು ತಯಾರಿಸಿ ಪ್ರದರ್ಶಿಸಿದರು. ಅವನ ಪ್ರತಿಸ್ಪರ್ಧಿ, ರಿಪಬ್ಲಿಕನ್ ಪಕ್ಷದ ಫ್ರಾಂಕ್ ಮೆರಿಯಮ್ ಕೂಡ ವೃದ್ಧರ ವೇತನದ ಯೋಜನೆಯೊಂದನ್ನು ಬೆಂಬಲಿಸಿದ್ದನು. ಆದರೆ ಅವನಿಗೆ ಸಮಾಜವಾದಿ ಎಂಬ ಹೆಸರು ಅಂಟಲಿಲ್ಲ. ಇತ್ತ ಸಿಂಕ್ಲೇರನ ಹಳೆಯ ಸಂಗಾತಿಗಳು ಅವನು ತತ್ತ್ವವನ್ನು ಬಿಟ್ಟುಕೊಟ್ಟನೆಂದು ದೂಷಿಸಿದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟನು ಬಹಿರಂಗವಾಗಿ ಬೆಂಬಲಿಸದೆ ಮೌನ ತಾಳಿದನು. ನವೆಂಬರಿನಲ್ಲಿ ಮೆರಿಯಮ್‌ನಿಗೆ 11,38,620 ಮತಗಳೂ ಸಿಂಕ್ಲೇರನಿಗೆ 8,79,537 ಮತಗಳೂ ಬಂದವು. ಅವನು ಸೋತನು. ಆದರೆ ನಾಲ್ಕು ವರ್ಷಗಳ ಹಿಂದೆ ದೊರೆತಿದ್ದ ಮತಗಳು ಈಗ ಹದಿನೇಳು ಪಟ್ಟಿಗೂ ಮಿಗಿಲಾಗಿ ಬೆಳೆದಿದ್ದವು.

ಸೋಲಿನಿಂದ ಸಿಂಕ್ಲೇರನು ಕುಗ್ಗಲಿಲ್ಲ. ಅವನ ಚಳವಳಿಯಿಂದ ಮೇಲೆ ಬಂದ ಕಲ್ಬರ್ಟ್ ಓಲ್ಸನ್ 1938ರಲ್ಲಿ ಗವರ್ನರ್ ಆಗಿ ಚುನಾಯಿತನಾದನು. ವೃದ್ಧರ ವೇತನ ಮತ್ತು ನಿರುದ್ಯೋಗ ವಿಮೆಗಳು 1935ರಲ್ಲಿಯೇ ದೇಶದ ಶಾಸನವಾಗಿ, ಸಮಾಜವಾದದ ಹೆಸರಿಲ್ಲದೆ ಜನಮನ್ನಣೆ ಗಳಿಸಿದ್ದವು. ತನ್ನ ದೇಶದ ಜನರು ಸಮಾಜವಾದದ ಫಲವನ್ನು ಸ್ವೀಕರಿಸುತ್ತಾರೆ, ಆದರೆ ಅದರ ಹೆಸರನ್ನು ಒಲ್ಲರು ಎಂಬುದು ಅವನು ಅನುಭವದಿಂದ ಕಂಡುಕೊಂಡ ಸತ್ಯ. ಮತ್ತೆ ಬರವಣಿಗೆಗೆ ಮರಳಿದ ಅವನಿಗೆ 1943ರಲ್ಲಿ ಪುಲಿಟ್ಜರ್ ಪ್ರಶಸ್ತಿ ಲಭಿಸಿತು. 1967ರಲ್ಲಿ ಮಾಂಸ ತಪಾಸಣೆಯ ಹೊಸ ಶಾಸನಕ್ಕೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದಾಗ, ವೃದ್ಧ ಸಿಂಕ್ಲೇರನು ಶ್ವೇತಭವನದಲ್ಲಿ ಉಪಸ್ಥಿತನಿದ್ದನು. 1968ರ ನವೆಂಬರ್ 25ರಂದು, ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ನಿಧನನಾದನು.

ಪ್ರಜಾಪ್ರಭುತ್ವದಲ್ಲಿ ಮತವು ಪ್ರಜೆಯ ವಿವೇಕಕ್ಕೆ ಒಪ್ಪಿಸಿದ ಅಧಿಕಾರ. ಹೆಸರಿಗೆ ಮಾರುಹೋಗದೆ, ಹೆಸರಿಗೆ ಹೆದರದೆ, ಅದರ ಹಿಂದಿರುವ ವಿಚಾರವನ್ನು ಪರೀಕ್ಷಿಸಿ ನೋಡಿದಾಗಲೇ ಆ ಅಧಿಕಾರಕ್ಕೆ ಬೆಲೆ ಬರುತ್ತದೆ. ಸಿಂಕ್ಲೇರನ ಗೆಲುವು ಮತ್ತು ಸೋಲುಗಳೆರಡೂ ಈ ಮಾತಿಗೆ ಸಾಕ್ಷಿಯಾಗಿವೆ.