ಸೈಕಲ್ ಸೀಟು ತಗ್ಗಿಸಿದರೆ ಆರಾಮವೇ? ಜಾನ್ ಕೆಂಪ್ ಸ್ಟಾರ್ಲಿಯ ಕತೆ
ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದೇವೆ. ಸೈಕಲ್ ಕಲಿಯುವಾಗ ಅದು ಸರಿಯೇ. ಆದರೆ ಅದೇ ಸೀಟಿನಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ತುಳಿದು ಬಂದರೆ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗಬಹುದು. ಆಗ ನಾವು ವಯಸ್ಸನ್ನು ದೂರುತ್ತೇವೆ. ಎಷ್ಟೋ ಸಲ ತಪ್ಪು ಸೈಕಲ್ಲಿನ ಅಳತೆಯಲ್ಲಿರುತ್ತದೆ. ಈ ಅಳತೆಯ ಬಗ್ಗೆ ತಲೆ ಕೆಡಿಸಿಕೊಂಡ ಒಬ್ಬರನ್ನು ಇವತ್ತು ಪರಿಚಯ ಮಾಡಿಕೊಳ್ಳೋಣ.

ಜಾನ್ ಕೆಂಪ್ ಸ್ಟಾರ್ಲಿ ಇಂಗ್ಲೆಂಡಿನ ವಾಲ್ಥಂಸ್ಟೋ ಎಂಬಲ್ಲಿ ತೋಟದ ಮಾಲಿಯೊಬ್ಬರ ಮಗನಾಗಿ ಹುಟ್ಟಿದರು. 1872ರಲ್ಲಿ ಕೊವೆಂಟ್ರಿಗೆ ಬಂದು, ತಂದೆಯ ಸೋದರ ಜೇಮ್ಸ್ ಸ್ಟಾರ್ಲಿಯ ಜೊತೆ ಸೈಕಲ್ ಕೆಲಸಕ್ಕೆ ಸೇರಿದರು.

ಆಗಿನ ಸೈಕಲ್ ಎಂದರೆ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ. ಚೈನ್ ಇರಲಿಲ್ಲ, ಪೆಡಲ್ ನೇರವಾಗಿ ಮುಂದಿನ ಚಕ್ರಕ್ಕೇ ಇರುತ್ತಿತ್ತು. ಪೆಡಲ್ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ಹಾಗಾಗಿ ವೇಗ ಬೇಕೆಂದರೆ ಚಕ್ರ ದೊಡ್ಡದಾಗಬೇಕು. ಎಷ್ಟು ದೊಡ್ಡದು? ಅದನ್ನು ಸವಾರನ ಕಾಲಿನ ಉದ್ದವೇ ತೀರ್ಮಾನಿಸುತ್ತಿತ್ತು. ಉದ್ದ ಕಾಲಿನವರಿಗೆ 60 ಇಂಚಿನ ಚಕ್ರವೂ ಸಿಗುತ್ತಿತ್ತು. ಅಂಗಿ ಹೊಲಿಸುವ ಹಾಗೆ ಅಳತೆ ಕೊಟ್ಟು ಸೈಕಲ್ ಕೊಳ್ಳಬೇಕು ಅನ್ನಿ! ಸವಾರ ಕೂರುತ್ತಿದ್ದುದು ಹೆಚ್ಚುಕಡಿಮೆ ಆ ಚಕ್ರದ ನೆತ್ತಿಯ ಮೇಲೆ. ದಾರಿಯಲ್ಲಿ ಕಲ್ಲೊಂದು ಅಡ್ಡ ಸಿಕ್ಕಿದರೆ ಸೈಕಲ್ ಮುಂದಕ್ಕೆ ಮಗುಚಿ ತಲೆ ಮೊದಲು ನೆಲಕ್ಕೆ ಬೀಳುತ್ತಿತ್ತು. ಕೈ ಮುರಿದುಕೊಂಡವರು, ಪ್ರಾಣ ಕಳೆದುಕೊಂಡವರು ಇದ್ದರು.

1870ರ ದಶಕದ ಕೊನೆಗೆ ಸ್ಟಾರ್ಲಿ, ವಿಲಿಯಂ ಸಟನ್ ಜೊತೆ ಸೇರಿ ಸ್ವಂತ ಕಂಪನಿ ಶುರು ಮಾಡಿದರು. 1885ರಲ್ಲಿ ಹೊರಬಂದದ್ದು 'ರೋವರ್' ಸೈಕಲ್. ತಗ್ಗಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನ್. ಹಿಂದಿನ ಚಕ್ರಕ್ಕೆ ಚೈನ್ ಹಾಕಿದವರಲ್ಲಿ ಇವರೇ ಮೊದಲಿಗರಲ್ಲ, 1879ರಲ್ಲೇ ಲಾಸನ್ ಎಂಬವರು ಅದನ್ನು ಮಾಡಿದ್ದರು. ಸ್ಟಾರ್ಲಿಯ ದೊಡ್ಡತನ ಇರುವುದು ಪ್ರಶ್ನೆಯನ್ನು ತಿರುಗಿಸಿ ಕೇಳಿದ್ದರಲ್ಲಿ ಎಂದು ನಮಗನ್ನಿಸುತ್ತದೆ. ಚಕ್ರಕ್ಕೆ ತಕ್ಕಂತೆ ಮನುಷ್ಯ ಹೊಂದಿಕೊಳ್ಳುವ ಬದಲು, ಮನುಷ್ಯನ ದೇಹ ಎಲ್ಲಿರಬೇಕು ಎಂದು ಮೊದಲು ಯೋಚಿಸಿದರು. ನೆಲದಿಂದ ಸವಾರ ಎಷ್ಟು ಎತ್ತರ, ಪೆಡಲ್‌ನಿಂದ ಸೀಟು ಎಲ್ಲಿ, ಸೀಟಿನಿಂದ ಹ್ಯಾಂಡಲ್ ಎಲ್ಲಿ? ಇವು ಸರಿ ಇದ್ದರೆ ಕಡಿಮೆ ಆಯಾಸದಲ್ಲಿ ಹೆಚ್ಚು ಬಲ ಹಾಕಬಹುದು ಎಂಬುದು ಅವರ ಲೆಕ್ಕ. 1898ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಅವರು ಇದನ್ನು ವಿವರಿಸಿದರು.

1885ರ ಸೆಪ್ಟೆಂಬರಿನಲ್ಲೇ ರೋವರ್ ಏರಿದ ಸವಾರನೊಬ್ಬ 100 ಮೈಲಿಯನ್ನು ಏಳು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಮುಗಿಸಿದ. ಟೈರ್ ಮಾತ್ರ ಇನ್ನೂ ಗಟ್ಟಿ ರಬ್ಬರಿನದು. ಗಾಳಿ ತುಂಬಿದ ಡನ್ಲಪ್ ಟೈರ್ ಬಂದದ್ದು 1888ರಲ್ಲಿ. ಅಲ್ಲಿಯವರೆಗೆ ಸವಾರರ ಬೆನ್ನಿನ ಪಾಡು ಊಹಿಸಿಕೊಳ್ಳಿ.

ಇಂದಿನ ಬೈಕ್ ಫಿಟ್ಟಿಂಗ್‌ನಲ್ಲೂ ಮುಖ್ಯವಾಗಿ ನೋಡುವುದು ಇವೇ ದೂರಗಳನ್ನು. ಸೀಟಿನ ಎತ್ತರವನ್ನು ನೀವೇ ಪರೀಕ್ಷಿಸಬಹುದು. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸು ಬಾಗಿರುತ್ತದೆ, ಅದೇ ಬೇಕಾದದ್ದು. ಸೀಟು ತೀರಾ ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ತೀರಾ ಎತ್ತರವಾದರೆ ಮಂಡಿಯ ಹಿಂಭಾಗ ನೋಯಬಹುದು, ತುಳಿಯುವಾಗ ಸೊಂಟವೂ ಅತ್ತಿತ್ತ ಓಲಾಡುತ್ತದೆ. ಅಂಗೈ ಮರಗಟ್ಟುತ್ತಿದ್ದರೆ ಹ್ಯಾಂಡಲ್ ದೂರವೋ ತಗ್ಗೋ ಆಗಿ ಕೈಗಳ ಮೇಲೆ ಭಾರ ಬೀಳುತ್ತಿರಬಹುದು. ದಪ್ಪ ಸ್ಪಂಜಿನ ಸೀಟು ಹಾಕಿದರೆ ನೋವಿಲ್ಲ ಎಂಬುದೂ ಅರ್ಧ ಸತ್ಯ. ದೂರದ ಸವಾರಿಯಲ್ಲಿ ಮೂಳೆ ಸ್ಪಂಜಿನೊಳಗೆ ಇಳಿದು, ಒತ್ತಡ ಸುತ್ತಲಿನ ಮೆತ್ತನೆ ಭಾಗದ ಮೇಲೆ ಬೀಳುತ್ತದೆ. ಇಷ್ಟೆಲ್ಲ ಸರಿಪಡಿಸಿಯೂ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಸ್ಟಾರ್ಲಿ 1901ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ಕಂಪನಿ ಕಾರು ತಯಾರಿಸತೊಡಗಿದ್ದು ಅದಾದ ಮೇಲೆ, 1904ರಲ್ಲಿ. 2008ರಲ್ಲಿ ಟಾಟಾ ಮೋಟಾರ್ಸ್ ಕೊಂಡ ಜಾಗ್ವಾರ್ ಲ್ಯಾಂಡ್ ರೋವರ್‌ನಲ್ಲಿರುವ 'ರೋವರ್' ಈ ಸೈಕಲ್ ಕಂಪನಿಯಿಂದಲೇ ಬಂದದ್ದು. ಪೋಲೆಂಡಿನಲ್ಲಂತೂ ಇಂದಿಗೂ ಯಾವುದೇ ಸೈಕಲ್ಲಿಗೆ 'ರೊವೆರ್' ಎಂದೇ ಹೇಳುತ್ತಾರೆ.