ಪ್ರಾಧ್ಯಾಪಕ ಸಿ. ಆರ್. ನಾರಾಯಣರಾಯರು

ನಮ್ಮೂರು ಆಲೂರು ತಾಲ್ಲೂಕಿನ ಮಗ್ಗೆ. ಮುಂಗಾರು ಹಿಡಿಯಿತೆಂದರೆ ಅಲ್ಲಿ ಗದ್ದೆ ಯಾವುದು, ಹಳ್ಳ ಯಾವುದು ಎಂದು ತಿಳಿಯದು. ರಾತ್ರಿಯೆಲ್ಲ ಕಪ್ಪೆಗಳ ಕೂಗು. ಬಾಲ್ಯದಲ್ಲಿ ನಾನೊಮ್ಮೆ ಗದ್ದೆಯ ನೀರಿನಿಂದ ಗೊದಮೊಟ್ಟೆಗಳನ್ನು ಬೊಗಸೆಯಲ್ಲಿ ಹಿಡಿದು, ಮೀನುಮರಿಗಳೆಂದೇ ನಂಬಿ, ಮನೆಗೆ ತಂದು ತಂಬಿಗೆಯಲ್ಲಿ ಸಾಕಿದ್ದೆ. ಅವಕ್ಕೆ ಕಾಲು ಮೂಡಿದ ದಿನ ಅಜ್ಜಿ ನಕ್ಕ ನಗು ಇನ್ನೂ ನೆನಪಿನಲ್ಲಿದೆ. ನಾನು ನಗೆಪಾಟಲಾದ ಆ ಜೀವಿಯನ್ನೇ ಅಭ್ಯಾಸಮಾಡಿ ಕೀರ್ತಿಶಾಲಿಗಳಾದ ಒಬ್ಬ ಮಹನೀಯರು ನಮ್ಮ ನಾಡಿನಲ್ಲಿದ್ದರೆಂದು ತಿಳಿದುದು ಕಾಲೇಜಿಗೆ ಸೇರಿದ ಮೇಲೆ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಪ್ರಾಣಿಶಾಸ್ತ್ರದಲ್ಲಿ ನನಗೆ ಪರಿಶ್ರಮವಿಲ್ಲ. ಆದರೂ ನಮ್ಮ ಸೀಮೆಯ ಹಳ್ಳಗಳ ಋಣ ನನ್ನ ಮೇಲಿರುವುದರಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ನಾರಾಯಣರಾಯರು 1882ರಲ್ಲಿ ಜನಿಸಿದರು. ಬಳ್ಳಾರಿಯಲ್ಲಿ ಓದಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಹೆಂಡರ್ಸನ್ನರ ಶಿಷ್ಯರಾದರು. ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಅಧ್ಯಾಪಕರಾಗಿದ್ದು, ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದಾಗ ಆ ಕಾಲೇಜು ಅದರ ವಿಜ್ಞಾನದ ನೆಲೆಯಾಯಿತು. ಅಲ್ಲಿಯ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ರಾಯರು 1937ರಲ್ಲಿ ನಿವೃತ್ತರಾದರು.

ಅಂದಿನ ಪಠ್ಯಗಳೆಲ್ಲ ಇಂಗ್ಲೆಂಡಿನಿಂದ ಬಂದವು. ಅವುಗಳಲ್ಲಿದ್ದ ಕಪ್ಪೆಯೂ ಮೀನೂ ಅಲ್ಲಿಯ ಕೆರೆಗಳವೇ. ರಾಯರಿಗೆ ಇದು ಒಪ್ಪಿಗೆಯಾಗಲಿಲ್ಲವೆಂಬುದಕ್ಕೆ ಅವರ ಕೆಲಸವೇ ಸಾಕ್ಷಿ. 1927ರಲ್ಲಿ ಶಿಷ್ಯ ಬಿ. ಆರ್. ಶೇಷಾಚಾರ್ ಅವರೊಡನೆ, ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆಂದೇ, ಮೈಸೂರು ಸೀಮೆಯ ಮೀನುಗಳನ್ನು ಕುರಿತು ಬರೆದು ವಿಶ್ವವಿದ್ಯಾನಿಲಯದ ಅರ್ಧವಾರ್ಷಿಕ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನೆಯ ಮುಂದಿನ ಹಳ್ಳವೇ ಮೊದಲ ಪಾಠಶಾಲೆಯೆಂಬುದು ಇದರ ತಾತ್ಪರ್ಯ. ಅದಕ್ಕೂ ಮುಂಚೆ, 1918ರಲ್ಲಿ, ಕಲ್ಕತ್ತೆಯ ಅನಂಡೇಲರೊಡನೆ ಬಯಲುಸೀಮೆಯ ಗೊದಮೊಟ್ಟೆಗಳ ಮೇಲೆ ಬರೆದಿದ್ದರು. ಕಪ್ಪೆಯನ್ನು ಕಂಡವರು ಅನೇಕರು. ಅದು ನೀರಿನಲ್ಲಿ ಕಳೆಯುವ ಬಾಲ್ಯವನ್ನು ಕಾದು ನೋಡುವ ತಾಳ್ಮೆ ಕೆಲವರಿಗೇ ಸಾಧ್ಯ.

1932ರ ಜುಲೈನಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆ ಹೊರಟಾಗ ಅದರ ಮೊದಲ ಸಂಪಾದಕರೂ ಇವರೇ. ಆ ಪತ್ರಿಕೆ ಇಂದಿಗೂ ನಡೆಯುತ್ತಿದೆ.

ನಿವೃತ್ತರಾದ ವರ್ಷವೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ಕುರಿತು ಅವರ ದೀರ್ಘ ಲೇಖನ ಬಂದಿತು. ಅದರಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ಮೂಡಿದೆ. ಒಂದು ಕಪ್ಪೆಗೆ ಸಕಲೇಶಪುರವೇ ಮೂಲಸ್ಥಳ. ಮತ್ತೊಂದು ಪುಟ್ಟ ಕಪ್ಪೆಗೆ ಶಿರಾಡಿ ಘಾಟಿಯ ಕೆಂಪುಹೊಳೆಯ ಹೆಸರನ್ನೇ ಇಟ್ಟರು. ಇನ್ನೊಂದಕ್ಕೆ ಶಿಷ್ಯ ಶೇಷಾಚಾರರ ಹೆಸರು. ಆ ಶಿಷ್ಯರು ಮುಂದೆ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಶಿಷ್ಯನ ಹೆಸರನ್ನು ಶಾಸ್ತ್ರದಲ್ಲಿ ನಿಲ್ಲಿಸಿದ ಗುರುವಿನ ಹಿರಿಮೆಯನ್ನು ನಾನು ವರ್ಣಿಸಬೇಕಾಗಿಲ್ಲ.

ಇನ್ನು ದುಃಖದ ಸಂಗತಿ. ಹೊಸ ಜೀವಿಗೆ ಹೆಸರಿಟ್ಟಾಗ ಅದರ ಮಾದರಿಯನ್ನು ಕಾಪಾಡಿ ಇಡಬೇಕು. ಮುಂದೆ ಸಂಶಯ ಬಂದರೆ ಅದೇ ಸಾಕ್ಷಿ. ರಾಯರು 1960ರ ಜನವರಿಯಲ್ಲಿ ತೀರಿಕೊಂಡರು. ಅವರ ಸಂಗ್ರಹವೂ ಕಾಲಕ್ರಮದಲ್ಲಿ ಕಳೆದುಹೋಯಿತು. ಮುಂದಿನ ವಿದ್ವಾಂಸರಿಗೆ ಉಳಿದುದು ಕಾಗದದ ಮೇಲಿನ ವರ್ಣನೆ ಮಾತ್ರ. ಅವರ ಕೆಲವು ಕಪ್ಪೆಗಳು ಯಾವುವೆಂದು ನಿರ್ಧರಿಸುವುದೇ ಕಷ್ಟವಾಯಿತು. ಒಬ್ಬರು ಆಯುಷ್ಯವೆಲ್ಲ ಕೂಡಿಸಿದ್ದು ಹೀಗಾಗಬಹುದೆಂದು ನೆನೆದರೆ ಎದೆ ಭಾರವಾಗುತ್ತದೆ.

ಆದರೆ ಹಳ್ಳವು ಮರೆತಿರಲಿಲ್ಲ. ದೆಹಲಿ ವಿಶ್ವವಿದ್ಯಾನಿಲಯದ ಎಸ್. ಡಿ. ಬಿಜು ಮತ್ತು ಸಂಗಡಿಗರು ಘಟ್ಟವನ್ನು ಮತ್ತೆ ಹುಡುಕಿ, ಹಲವು ದಶಕಗಳಿಂದ ಕಾಣದಿದ್ದ ಕೆಂಪುಹೊಳೆಯ ಕಪ್ಪೆ ಉಳಿದಿದೆಯೆಂದು 2011ರಲ್ಲಿ ತಿಳಿಸಿದರು. ಅದಕ್ಕೆ ಹಿಂದಿನ ವರ್ಷವೇ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾಯರ ಗೌರವಾರ್ಥ ರಾವೋರ್ಕೆಸ್ಟಿಸ್ ಎಂದು ಹೆಸರಿಡಲಾಗಿತ್ತು. ವಿಚಿತ್ರವೆಂದರೆ ಈ ಕುಲದ ಕಪ್ಪೆಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯಿಂದ ಮರಿಗಪ್ಪೆಯೇ ಹೊರಬರುತ್ತದೆ. ಗೊದಮೊಟ್ಟೆಗಳ ಪಂಡಿತರಿಗೆ ಇದು ನಗು ತರಿಸುತ್ತಿತ್ತೇನೋ!

ಈಗ ನೀರಿನ ಜೀವಿಗಳ ಅಧ್ಯಯನಕ್ಕೆ ದಾರಿಗಳು ಹಲವು. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು ದೇಶದಲ್ಲಿಯೇ ಮೊದಲನೆಯದು. ಆದರೆ ಹಳ್ಳಗಳ ಕಾಲವೂ ಬದಲಾಗಿದೆ. ಸಕಲೇಶಪುರದ ತೊರೆಗಳ ನೀರನ್ನು ಪೂರ್ವದ ಬರಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕೋಲಾರದ ಬಾಯಾರಿಕೆಯೂ ನಿಜ, ತೊರೆಯ ಜೀವಿಗಳ ಬದುಕೂ ನಿಜ. ಇವುಗಳ ಲೆಕ್ಕವನ್ನು ತೂಗಬೇಕಾದರೆ ನೀರಿನಲ್ಲಿ ಏನಿದೆಯೆಂದು ಬರೆದಿಟ್ಟವರಿರಬೇಕು.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ಈ ಮಳೆಗಾಲದಲ್ಲಿ ಊರಿಗೆ ಹೋದಾಗ ಹಳ್ಳದ ಬಳಿ ಅರ್ಧ ಗಳಿಗೆ ನಿಲ್ಲಿರಿ. ಕಂಡುದನ್ನು ಊರು, ತಾರೀಖು ಸಹಿತ ಪುಸ್ತಕದಲ್ಲಿ ಬರೆಯಿರಿ. ಬರೆದ ಪುಸ್ತಕವನ್ನು ಜೋಪಾನವಾಗಿಡಿರಿ. ನಾನು ಮಗ್ಗೆಯಲ್ಲಿ ಆರಂಭಿಸಿದ್ದೇನೆ. ಮೀನುಮರಿ ಯಾವುದು, ಗೊದಮೊಟ್ಟೆ ಯಾವುದು ಎಂದು ಈಗ ನಾನು ತಪ್ಪಿಲ್ಲದೆ ಹೇಳಬಲ್ಲೆ.