ಎಲೆಗೆ ಟಾನಿಕ್ ಹೊಡೆದರೆ ಬರದಲ್ಲೂ ಬೆಳೆ ಬರುತ್ತಾ? ಲೀಬಿಗ್ ಕಥೆ ಓದಿ

ಈ ಟಾನಿಕ್ ಎಲೆಗೆ ಸಿಂಪಡಿಸಿ, ಗೊಬ್ಬರವೂ ಬೇಡ, ಮಳೆಯೂ ಬೇಡ ಎನ್ನುವ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಯುಸ್ಟುಸ್ ಫಾನ್ ಲೀಬಿಗ್ ಅವರ ಬಗ್ಗೆ ತಿಳಿದುಕೊಳ್ಳಿ. ಪಿಯು ಲ್ಯಾಬಿನಲ್ಲಿ ನೋಡಿದ ಲೀಬಿಗ್ ಕಂಡೆನ್ಸರ್ ನೆನಪಿದೆಯಲ್ಲ, ಅದೇ ಲೀಬಿಗ್. (ಅದನ್ನು ಕಂಡುಹಿಡಿದವರು ಅವರಲ್ಲ, ಬಳಕೆಗೆ ತಂದವರು ಅಷ್ಟೆ.)

ಹುಟ್ಟಿದ್ದು 1803ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ. ಅಪ್ಪನದು ಬಣ್ಣ, ರಾಸಾಯನಿಕಗಳ ಅಂಗಡಿ. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಕೊಟ್ಟು ಜನ ಹಸಿದರು. ಆಗ ಲೀಬಿಗ್ 13ರ ಹುಡುಗ. 21ಕ್ಕೇ ಗೀಸೆನ್‌ನಲ್ಲಿ ಪ್ರೊಫೆಸರ್ ಆದರು. ಗಿಡಕ್ಕೆ ಇಂಗಾಲ ಗಾಳಿಯಿಂದ, ಖನಿಜಗಳು ಮಣ್ಣಿನಿಂದ ಸಿಗುತ್ತವೆ ಎಂದು 1840ರ ಪುಸ್ತಕದಲ್ಲಿ ವಾದಿಸಿದರು. ಅತಿ ಕಡಿಮೆ ಇರುವ ಅಂಶವೇ ಇಳುವರಿಯನ್ನು ಕಟ್ಟಿಹಾಕುತ್ತದೆ ಎಂಬ ನಿಯಮವೂ ಅವರ ಹೆಸರಿನಲ್ಲೇ ಪ್ರಸಿದ್ಧ. ಅವರಿಗಿಂತ ಮೊದಲೇ ಅದನ್ನು ಹೇಳಿದ್ದ ಕಾರ್ಲ್ ಸ್ಪ್ರೆಂಗೆಲ್ ಅವರನ್ನು ಜನ ಮರೆತರು.

ಒಣಭೂಮಿಯಲ್ಲಿ ಆ ಅತಿ ಕಡಿಮೆ ಇರುವ ಅಂಶ ಸಾಮಾನ್ಯವಾಗಿ ನೀರು. ಕಡಲಪಾಚಿಯ ಸಾರ, ಹ್ಯೂಮಿಕ್ ಆಮ್ಲದಂಥ ಜೈವಿಕ ಉತ್ತೇಜಕಗಳು ಬರೀ ಬೊಗಳೆಯಲ್ಲ. ಬೇರು ಬೆಳೆಯಲು, ಗಿಡ ಸ್ವಲ್ಪ ಒತ್ತಡ ತಾಳಿಕೊಳ್ಳಲು ನೆರವಾಗಬಲ್ಲವು. 2021ರಿಂದ ನಮ್ಮಲ್ಲಿ ಇವು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೂ ಬಂದಿವೆ. ಆದರೆ ಇವು ನೀರೂ ಅಲ್ಲ, ಗೊಬ್ಬರವೂ ಅಲ್ಲ. ನೀರು ಕಡಿಮೆಯಾದಾಗ ಗಿಡ ಎಲೆಯ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಎಲೆಯ ಮೇಲಿನ ಮೇಣದ ಪದರ ದಪ್ಪವಾಗುತ್ತದೆ, ಬಿದ್ದ ಹನಿ ಬಿಸಿಲಿಗೆ ಬೇಗ ಆರುತ್ತದೆ. ಹಾಗಾಗಿ ಬಾಡಿ ನಿಂತ ಗಿಡಕ್ಕೆ ನಡುಮಧ್ಯಾಹ್ನ ಹೊಡೆದರೆ ಹೆಚ್ಚಿನದು ಎಲೆಯ ಮೇಲೇ ಉಳಿಯುತ್ತದೆ. ಗಿಡ ಬಾಡುವ ಮೊದಲೇ, ತಂಪು ಹೊತ್ತಿನಲ್ಲಿ ಸಿಂಪಡಿಸಬೇಕು.

ಇಷ್ಟೆಲ್ಲ ತಿಳಿದ ಲೀಬಿಗ್ ಕೂಡ ಎಡವಿದರು. 1845ರಲ್ಲಿ ಅವರ ಪೇಟೆಂಟ್ ಗೊಬ್ಬರ ಇಂಗ್ಲೆಂಡಿನ ಮಾರುಕಟ್ಟೆಗೆ ಬಂತು. ಮಳೆಗೆ ಕೊಚ್ಚಿಹೋಗದಿರಲೆಂದು ಅದನ್ನು ನೀರಿನಲ್ಲಿ ಕರಗದಂತೆ ಮಾಡಿದ್ದರು. ಕರಗದ್ದನ್ನು ಬೇರು ಹೀರುವುದು ಹೇಗೆ? ಜೊತೆಗೆ, ಸಾರಜನಕ ಗಾಳಿಯ ಅಮೋನಿಯಾದಿಂದಲೇ ಸಾಕಷ್ಟು ಸಿಗುತ್ತದೆ ಎಂದು ನಂಬಿದ್ದರು. ಗೊಬ್ಬರ ಸೋತಿತು, ಕೊಂಡ ರೈತರ ದುಡ್ಡು ಹೋಯಿತು. ದೊಡ್ಡ ಹೆಸರು ಬೆಳೆಯನ್ನು ಕಾಪಾಡಲಿಲ್ಲ. ಲೀಬಿಗ್ ಕೊನೆಗೆ ತಪ್ಪು ಒಪ್ಪಿಕೊಂಡರು, ಬಹಳ ವರ್ಷಗಳ ನಂತರ. 1873ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡರು.

ಸಾರಜನಕದ ವಿಷಯದಲ್ಲಿ ಅವರು ತಪ್ಪೆಂದು ತೋರಿಸಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಒಂದು ಗೋಧಿ ಹೊಲ. ಲಾಸ್ ಮತ್ತು ಗಿಲ್ಬರ್ಟ್ ಅಲ್ಲಿ ಒಂದೊಂದು ಪಟ್ಟಿಗೆ ಒಂದೊಂದು ಗೊಬ್ಬರ ಹಾಕಿ, ಒಂದು ಪಟ್ಟಿಯನ್ನು ಏನೂ ಹಾಕದೆ ಬಿಟ್ಟು ಹೋಲಿಸಿದರು. ನೀವೂ ಟಾನಿಕ್ ಕೊಂಡರೆ ನಾಲ್ಕು ಸಾಲಿಗೆ ಬರೀ ನೀರು ಸಿಂಪಡಿಸಿ, ಎರಡೂ ಕಡೆಯ ಇಳುವರಿ ತೂಗಿ ನೋಡಿ. 1843ರಲ್ಲಿ ಶುರುವಾದ ರಾಥಮ್‌ಸ್ಟೆಡ್ ಪ್ರಯೋಗದಲ್ಲಿ ಆ ಏನೂ ಹಾಕದ ಪಟ್ಟಿಯನ್ನು ಇಂದಿಗೂ ಹಾಗೇ ಉಳಿಸಿಕೊಂಡಿದ್ದಾರೆ.